ಒಂಬತ್ತು ದಿನದ ಬಾಗಿಲು

1993ರ ಜೂನ್ 13, ಭಾನುವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಹೆನ್‌ಬ್ರೂಕ್ ಪೊಲೀಸ್ ಠಾಣೆಯ ಫೋನು ಬಡಿದುಕೊಂಡಿತು. ಎತ್ತಿಕೊಂಡವಳು ಕಾನ್‌ಸ್ಟೇಬಲ್ ಬ್ರೆಂಡಾ ಕಟ್ಲರ್. ಬಾಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಇತ್ತು.

"ನಮ್ಮ ಯಜಮಾನ್ರು ಊಟಕ್ಕೆ ಬಂದಿಲ್ಲ," ಅಂದಿತು ಆ ಕಡೆಯ ಹೆಂಗಸಿನ ದನಿ.

"ಎಷ್ಟ್ ಹೊತ್ತಾಯ್ತಮ್ಮ?"

"ಇಪ್ಪತ್ತೈದ್ ನಿಮಿಷ."

"ಇಪ್ಪತ್ತೈದ್ ನಿಮಿಷಕ್ಕೆಲ್ಲ ದೂರು ಬರ್ಕೊಳ್ಳೋಕಾಗಲ್ಲಮ್ಮ. ಎಲ್ಲೋ ಪಬ್ಬಲ್ಲಿರ್ತಾರೆ, ನೋಡಿ."

"ಗ್ಯಾರೇಜಲ್ಲಿದಾರೆ. ಅವರ ಮೇಲೆ ಕಾರಿದೆ. ಗ್ರೇವಿ ಆರಿಹೋಯ್ತು."

ಬ್ರೆಂಡಾ ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟು ಪ್ರಥಮ ಮಾಹಿತಿ ವರದಿಯ ಹಾಳೆ ಎಳೆದುಕೊಂಡಳು. ದೂರುದಾರರ ಹೆಸರು: ಐರಿಸ್ ಟ್ರಾಂಟರ್. ಮೃತರ ಹೆಸರು: ಮಾರಿಸ್ ಟ್ರಾಂಟರ್, ವಯಸ್ಸು 68. ಹೆಸರು ಬರೆಯುತ್ತಿದ್ದಂತೆ ಅವಳ ಬಾಯಿಂದ ಒಂದು ಸಣ್ಣ ಸಿಳ್ಳೆ ಹೊರಟಿತು. ಆ ಹೆಸರು ಗೊತ್ತಿಲ್ಲದವರು ಹೆನ್‌ಬ್ರೂಕಿನಲ್ಲಿ ಇರಲಿಲ್ಲ. ಕೂಸುಗಳು ಹಟ ಮಾಡಿದರೆ ತಾಯಂದಿರು ಆ ಹೆಸರು ಹೇಳಿಯೇ ಸುಮ್ಮನಾಗಿಸುತ್ತಿದ್ದರೆಂದು ಒಂದು ಮಾತಿದೆ. ಅರ್ಧ ಸುಳ್ಳಿರಬಹುದು.

ಇನ್ಸ್‌ಪೆಕ್ಟರ್ ಎಡ್ವಿನ್ ಸ್ಪರ್ಲಿಂಗ್ 1.50ಕ್ಕೆ ಸ್ಥಳಕ್ಕೆ ಬಂದರು. ಅವರಿಗೆ ಕಾರುಗಳೆಂದರೆ ಆಗದು. ಹೆನ್‌ಬ್ರೂಕಿನಲ್ಲಿ ಕಾರು ಕಂಡರಾಗದೆ ಬದುಕುವುದು ಸಮುದ್ರದಲ್ಲಿ ನೀರು ಕಂಡರಾಗದ ಮೀನಿನ ಪಾಡು. ಊರಿಗೆ ಊರೇ ಒಂದು ಕಾಲಕ್ಕೆ ಹಾಕ್ಸ್‌ಬಿ ಕಾರ್ಖಾನೆಯ ಸೈರನ್ನಿಗೆ ಎದ್ದು ಅದೇ ಸೈರನ್ನಿಗೆ ಉಂಡಿತ್ತು. ಇಬ್ಬರೇ ಕೂರುವ, ಮಾಡು ಮಡಚುವ, ಮಳೆ ಬಂದರೆ ಒಳಗಿದ್ದವರು ಹೊರಗಿದ್ದವರಿಗಿಂತ ಹೆಚ್ಚು ನೆನೆಯುವ ಓಟದ ಕಾರು ಹಾಕ್ಸ್‌ಬಿ. 1980ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿಂದೀಚೆಗೆ ಊರಿನ ಕಸುಬು ನೆನಪು ಮಾಡಿಕೊಳ್ಳುವುದಾಗಿತ್ತು, ಆ ನೆನಪಿಗೆ ಮುದ್ರೆ ಒತ್ತುವ ಅಧಿಕಾರಿ ಮಾರಿಸ್ ಟ್ರಾಂಟರ್ ಆಗಿದ್ದ.

ಅವನು ಕಾರ್ಖಾನೆಯಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ, ಭೂಗೋಳದ ಮೇಷ್ಟರು. ಆದರೆ ಹಾಕ್ಸ್‌ಬಿಯಲ್ಲಿ ಯಾವ ವರ್ಷ ಏನು ಬದಲಾಯಿತೆಂದು ಪುಸ್ತಕ ಬರೆದಿದ್ದ. 61ರಲ್ಲಿ ಹುಟ್ಟಿದ ಕಾರಿಗೆ ಬಾಗಿಲ ಹಿಡಿ ಎಳೆಯುವಂಥದ್ದು, 65ರ ವಸಂತದಿಂದ ಒತ್ತುಗುಂಡಿ. 67ಕ್ಕೆ ಬ್ಯಾಟರಿಯ ತಂತಿಗಳು ಅದಲುಬದಲು. 70ಕ್ಕೆ ಮೂತಿಯ ಬೆಳ್ಳಿ ಸರಳು ಹೋಗಿ ಕಪ್ಪು ಜಾಳಿಗೆ. 74ಕ್ಕೆ ಅಮೆರಿಕದ ಕಾನೂನಿಗೆ ಹೆದರಿ ಹಿಂದೆ ಮುಂದೆ ಕಪ್ಪು ರಬ್ಬರಿನ ಬಂಪರು, ನಡು ಒಂದೂವರೆ ಇಂಚು ಮೇಲಕ್ಕೆ. ನೋಡಲು ಕೆನ್ನೆ ಊದಿದ ಕಪ್ಪೆ. ಇದಿಷ್ಟನ್ನೂ ತಿಂಗಳು, ದಿನಾಂಕದ ಸಮೇತ ಬರೆದು, ಪ್ರತಿ ಜೂನ್‌ನಲ್ಲಿ ನಡೆಯುವ ಮಾಲೀಕರ ಸಂಘದ ಅಪ್ಪಟತನದ ಸ್ಪರ್ಧೆಗೆ ಅವನೇ ಮುಖ್ಯ ತೀರ್ಪುಗಾರನಾಗಿದ್ದ. ಕೈಗೆ ಬಿಳಿ ಗವಸು, ಬಾಯಲ್ಲಿ ಸಣ್ಣ ಟಾರ್ಚು, ಜೇಬಿನಲ್ಲಿ ಹಸಿರು ಶಾಯಿಯ ಪೆನ್ನು. ಒಂದು ಸ್ಕ್ರೂ ವರ್ಷ ತಪ್ಪಿದ್ದರೂ ಎರಡು ಅಂಕ ಕಡಿತ. ಗಂಡಸರು ಆ ಮೈದಾನದಲ್ಲಿ ಅತ್ತಿದ್ದುಂಟು.

ಈಗ ಅವನು ತನ್ನದೇ 1964ರ ಕೆಂಪು ಹಾಕ್ಸ್‌ಬಿಯ ಅಡಿಯಲ್ಲಿ ಅಂಗಾತ ಮಲಗಿದ್ದ. ಅಗ್ನಿಶಾಮಕದವರು ಕಾರೆತ್ತಿದರು. ಸ್ಪರ್ಲಿಂಗ್ ಇಬ್ಬರು ನೆರೆಯವರನ್ನು ಪಂಚರಾಗಿ ನಿಲ್ಲಿಸಿಕೊಂಡು ಪಂಚನಾಮೆ ಬರೆಸಿದರು: ಮುಂದಿನ ಎರಡೂ ಚಕ್ರ ಬಿಚ್ಚಿದೆ, ಆಯಿಲ್ ಬದಲಿಸುವ ತಟ್ಟೆ ಇದೆ, ಜ್ಯಾಕ್ ಪೂರ್ತಿ ಇಳಿದಿದೆ, ಕಾರಿನಡಿ ಆಸರೆಗೆ ಇಡುವ ಕಬ್ಬಿಣದ ಸ್ಟ್ಯಾಂಡುಗಳು ಗೋಡೆ ಪಕ್ಕ ಬಳಸದೆ ನಿಂತಿವೆ.

"ಆಸರೆ ಇಡ್ದೆ ಕಾರಿನಡಿ ಹೋಗೋನು ಮೂರ್ಖ ಅಂತ ಸಂಘದ ಪತ್ರಿಕೆಯ ಪ್ರತಿ ಸಂಚಿಕೇಲೂ ಬರೀತಿದ್ರು," ಅಂದಳು ಐರಿಸ್, ಬಾಗಿಲಲ್ಲಿ ನಿಂತು, ಏಪ್ರನ್ನಿನಲ್ಲಿ ಕೈ ಒರೆಸುತ್ತ.

"ನೀವು ಎಲ್ಲಿದ್ರಿ ಮೇಡಂ?"

"ಒಂಬತ್ತೂ ಮುಕ್ಕಾಲಿಗೆ ಚರ್ಚು. ಹನ್ನೊಂದೂವರೆಗೆ ವಾಪಸ್ಸು. ಆಮೇಲೆ ಅಡುಗೆ."

"ಬಂದ್ಮೇಲೆ ಒಂದ್ಸಲನೂ ಮಾತಾಡಿಸ್ಲಿಲ್ವ?"

"ಕಾರಿನ ಜೊತೆ ಇದ್ದಾಗ ಮಾತಾಡಿಸ್ಬಾರ್ದು. ಅದು ನಮ್ಮನೇಲಿ ಕಾನೂನು."

ವೈದ್ಯರು ಸಾವಿನ ಸಮಯ ಹತ್ತೂವರೆಯಿಂದ ಹನ್ನೊಂದೂಕಾಲು ಅಂದರು. ಎದೆಗೂಡು ಒಮ್ಮೆಗೇ ಮುರಿದಿಲ್ಲ, ಭಾರ ನಿಧಾನಕ್ಕೆ ಕೂತಿದೆ; ಕಾಲು ಗಂಟೆಯಾದರೂ ಜೀವ ಇದ್ದಿರಬೇಕು ಅಂತಲೂ ಸೇರಿಸಿದರು. ಜ್ಯಾಕ್ ನೋಡಿದ ಮೆಕ್ಯಾನಿಕ್, ಇದರ ವಾಷರು ಹಳೇದು, ಸೋರಿದ್ರೂ ಸೋರಿರಬಹುದು ಅಂದ. ಸಂಜೆ ಆರಕ್ಕೆ ಸ್ಪರ್ಲಿಂಗ್ ಕಡತದ ಮೇಲೆ 'ಅಪಘಾತ?' ಎಂದು ಬರೆದರು. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ಕೈಯ ಅಭ್ಯಾಸದಿಂದ.

ಸೋಮವಾರ ಬೆಳಿಗ್ಗೆ 9.40ಕ್ಕೆ ಕಾರನ್ನು ಠಾಣೆಗೆ ಎಳೆದೊಯ್ಯಲು ಲಾರಿ ಬಂತು. ಬ್ರೆಂಡಾ ಒಳಗೆ ಬಗ್ಗಿ ಕೈಬ್ರೇಕು ಬಿಟ್ಟು ಬಾಗಿಲು ಹಾಕಿದಳು. ಅಡುಗೆಮನೆಯ ಕಿಟಕಿಯಿಂದ ಐರಿಸಳ ತಲೆ ಹೊರಬಂತು.

"ಬಾಗಿಲು ಹಾಕಿ ಅಂದ್ರೆ ಹಾಕಲ್ವಲ್ಲ ನೀವು!"

"ಹಾಕಿದೀನಲ್ಲ ಅಮ್ಮ."

"ಎಲ್ಲಿ ಹಾಕಿದ್ರಿ? ನಂಗೆ ಕೇಳಿಸ್ಲೇ ಇಲ್ಲ."

ಬ್ರೆಂಡಾ ಬಾಗಿಲು ತೆಗೆದು ಇನ್ನೊಮ್ಮೆ ಹಾಕಿದಳು. ಒಂದೇ ಬೆರಳಲ್ಲಿ. ಬೆಣ್ಣೆಯೊಳಗೆ ಚಾಕು ಇಳಿದಷ್ಟೇ ಸದ್ದು. ಐರಿಸ್ ಹೊರಗೆ ಬಂದಳು. ಗಂಡನ ಹೆಣ ಕಂಡಾಗ ಅಲುಗದಿದ್ದ ಮುಖ ಈಗ ಬಿಳುಚಿಕೊಂಡಿತ್ತು.

"ಆ ಬಾಗಿಲು ಮೂರ್ಸಲ ಬಡಿದ್ರೆ ಮಾತ್ರ ಬೀಳೋದು," ಅಂದಳು. "ಹನ್ನೆರಡು ವರ್ಷದಿಂದ. ಶನಿವಾರ ಸಂಜೆ ಸ್ಪರ್ಧೆ ಮುಗಿಸಿ ಮೈದಾನದಿಂದ ಬಂದಾಗ್ಲೂ ಮೂರ್ಸಲ ಬಡಿದ್ರು. ಎದುರುಮನೆ ನಾಯಿ ಎಣಿಸ್ಕೊಂಡು ಬೊಗಳ್ತಿತ್ತು."

"ಯಜಮಾನ್ರೇ ಭಾನುವಾರ ಸರಿ ಮಾಡ್ಕೊಂಡಿರ್ಬೋದಲ್ಲ?" ಅಂದರು ಲಾರಿಯ ಪಕ್ಕ ನಿಂತಿದ್ದ ಸ್ಪರ್ಲಿಂಗ್.

"ಆಯಿಲ್ ಬದಲಿಸೋದು ಬಿಟ್ರೆ ಅವರ ಕೈಲಿ ಒಂದು ಮೊಳೆ ಹೊಡೆಯೋಕೂ ಬರ್ತಿರ್ಲಿಲ್ಲ ಸಾರ್. ಬೇರೆಯೋರ ಮೊಳೆ ಸೊಟ್ಟಗಿದೆ ಅಂತ ಹೇಳೋಕೆ ಬರ್ತಿತ್ತು."

ಸ್ಪರ್ಲಿಂಗ್ ತಾವೂ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿ ನೋಡಿದರು. ಅಡಿಯಲ್ಲಿ ಒಬ್ಬ ಮನುಷ್ಯ ಸಾಯುತ್ತಿರುವಾಗ, ಮೇಲೆ ಯಾರೋ ಬಾಗಿಲು ರಿಪೇರಿ ಮಾಡಿದ್ದಾರೆ. ಕಡತದ ಮೇಲಿನ 'ಅಪಘಾತ'ವನ್ನು ಹೊಡೆದುಹಾಕಿ, ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಬಿಟ್ಟರು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಡಾಕ್ಟರ್ ಕಾಲಿನ್ ಫ್ರೈಯರ್ ಎಂಬ ಹಲ್ಲಿನ ವೈದ್ಯನನ್ನು ಕರೆಸಿದರು. 1976ರ ರಬ್ಬರ್ ಬಂಪರಿನ ಹಾಕ್ಸ್‌ಬಿ ಅವನದು. ಅಂಥ ಕಾರುಗಳನ್ನು ಟ್ರಾಂಟರ್ ಮೈದಾನದಲ್ಲಿ ಪಾಯಖಾನೆ ಡೇರೆಯ ಹಿಂದೆ ನಿಲ್ಲಿಸುತ್ತಿದ್ದ. ಶನಿವಾರ ಫ್ರೈಯರ್ ಎಲ್ಲರೆದುರು ಕೂಗಾಡಿದ್ದ.

"ಏನಂತ ಕೂಗಿದ್ರಿ ಡಾಕ್ಟ್ರೇ?"

"ನಿನ್ ಹಲ್ಲು ಕಿತ್ತು ಕೈಗೆ ಕೊಡ್ತೀನಿ ಅಂದೆ. ಅದು ನನ್ ವೃತ್ತಿ ಕಣ್ರಿ, ಬೆದರಿಕೆ ಅಲ್ಲ."

"ಭಾನುವಾರ ಹತ್ತೂವರೆಗೆ ಎಲ್ಲಿದ್ರಿ?"

"ಅತ್ತೆಮನೇಲಿ. ಹದಿನಾಲ್ಕು ಜನ ಸಾಕ್ಷಿ. ಅದಕ್ಕಿಂತ ಜೈಲೇ ವಾಸಿ."

"ಮಾರಿಸ್ ಕಾರಿನ ಬಲಗಡೆ ಬಾಗಿಲು ಗೊತ್ತಾ?"

ಫ್ರೈಯರ್ ನಕ್ಕ. "ಗೊತ್ತಿಲ್ದೇ ಏನು? ಇಡೀ ಸಂಘ ಅದನ್ನ ಸರಿಮಾಡೋಕೆ ನೋಡಿ ಸೋತಿದೆ. ಆ ಮನುಷ್ಯ ಊರಿನ ಬಾಗಿಲಿಗೆಲ್ಲ ಅಂಕ ಹಾಕ್ತಿದ್ದ, ತನ್ ಬಾಗಿಲು ಮಾತ್ರ ಹೆಣದ ಬಾಯಿ ಹಾಗೆ ತೆರ್ಕೊಂಡೇ ಇರ್ತಿತ್ತು."

"ಈಗ ಸರಿಯಾಗಿದೆ."

ನಗು ನಿಂತಿತು. "ಸರಿಯಾಗಿದೆ ಅಂದ್ರೆ?"

"ಒಂದ್ ಬೆರಳಲ್ಲಿ ಬೀಳುತ್ತೆ."

ಫ್ರೈಯರ್ ತನ್ನ ಉಗುರು ನೋಡಿಕೊಂಡ. "ಇನ್ಸ್‌ಪೆಕ್ಟ್ರೇ, ಹಾಕ್ಸ್‌ಬಿ ಬಾಗಿಲನ್ನ ಯಂತ್ರ ಕೂರಿಸ್ತಿರ್ಲಿಲ್ಲ. ಪ್ರತಿ ಬಾಗಿಲೂ ಕೈಲೇ. ಮೊಣಕಾಲು ಕೊಟ್ಟು, ಮರದ ತುಂಡಲ್ಲಿ ತಟ್ಟಿ. ಚಿಲಕ ಕಚ್ಚೋ ತಗಡಿನ ಹಿಂದೆ ರಟ್ಟಿನ ಚೂರು ಮಡಚಿ ಇಡ್ತಿದ್ರು. ಸಿಗರೇಟ್ ಪ್ಯಾಕ್ ಹರ್ದು. ಎಷ್ಟು ಮಡಿಕೆ ಅನ್ನೋದು ಅವರ ಬೆರಳಿಗೆ ಮಾತ್ರ ಗೊತ್ತಿತ್ತು. ಬಾಗಿಲಿನ ಸಾಲಲ್ಲಿದ್ದೋರು ಈಗ ಎಷ್ಟ್ ಜನ ಉಳಿದಿದಾರೋ ನಂಗೊತ್ತಿಲ್ಲ."

ಗೊತ್ತಿಲ್ಲ ಅನ್ನುವಾಗ ಅವನ ದನಿ ತಗ್ಗಿತ್ತು. ಗೊತ್ತಿದೆ ಎಂದು ಸ್ಪರ್ಲಿಂಗರಿಗೆ ಗೊತ್ತಾಯಿತು.

ಸಂಜೆ 4.20ಕ್ಕೆ ಠಾಣೆಯ ಅಂಗಳದಲ್ಲಿ ಬ್ರೆಂಡಾ ಬಾಗಿಲ ಕಂಬದ ಮೂರು ಸ್ಕ್ರೂ ಬಿಚ್ಚಿದಳು. ತಗಡಿನ ಹಿಂದೆ ಬಿಗಿಯಾಗಿ ನಾಲ್ಕು ಮಡಿಕೆಯ ಒಂದು ರಟ್ಟು. ಇಕ್ಕಳದಲ್ಲಿ ಹಿಡಿದು ಬಿಡಿಸಿದಳು. ಅದು ಸಿಗರೇಟ್ ಪ್ಯಾಕ್ ಆಗಿರಲಿಲ್ಲ. ಶನಿವಾರದ ಸ್ಪರ್ಧೆಯ ಅಂಕಪಟ್ಟಿ. ಹಸಿರು ಶಾಯಿಯಲ್ಲಿ ಹೀಗಿತ್ತು:

'ಕಾರು ಸಂಖ್ಯೆ 47. ಆರ್. ಟಿಮ್ಮಿನ್ಸ್. ಏಪ್ರಿಲ್ 1965. ಎಳೆಯುವ ಹಿಡಿ. ಈ ತಿಂಗಳಿಗೆ ಅಸಾಧ್ಯ. ಬಾಗಿಲು: 20ಕ್ಕೆ 0. ನಕಲಿ.'

"ಅಯ್ಯೋ ದೇವ್ರೇ," ಅಂದಳು ಬ್ರೆಂಡಾ. "ಕೊಲೆ ಮಾಡೋನು ಚೀಟಿ ಬಿಟ್ಟು ಹೋಗ್ತಾನಾ ಸಾರ್?"

"ಬಿಟ್ಟು ಹೋಗಿಲ್ಲ. ಜೇಬಲ್ಲಿ ರಟ್ಟು ಹುಡುಕಿದಾನೆ, ಕೈಗೆ ಇದು ಸಿಕ್ಕಿದೆ. ಎಷ್ಟು ದಪ್ಪ ಅಂತ ನೋಡಿದಾನೆ, ಓದಿಲ್ಲ."

ಮಂಗಳವಾರ ಬೆಳಿಗ್ಗೆ 9.10ಕ್ಕೆ ಕಾರ್ಖಾನೆ ಬೀದಿಯ 22ನೇ ಮನೆಯ ಕದ ತಟ್ಟಿದರು. ರೆಗ್ ಟಿಮ್ಮಿನ್ಸ್, ವಯಸ್ಸು 66, ಹಾಕ್ಸ್‌ಬಿಯ ಬಾಗಿಲ ಸಾಲಿನಲ್ಲಿ ಹತ್ತೊಂಬತ್ತು ವರ್ಷ. ಅಂಗಿಯ ತೋಳು ಮಡಚಿ ಟೋಸ್ಟಿಗೆ ಮಾರ್ಮಲೇಡ್ ಹಚ್ಚುತ್ತಿದ್ದ.

"ಬನ್ನಿ. ನಿನ್ನೇನೇ ಬರ್ತೀರಿ ಅಂದ್ಕೊಂಡಿದ್ದೆ. ಟೀ ಹಾಕ್ಲಾ?"

"ರೆಗ್ ಟಿಮ್ಮಿನ್ಸ್, ಮಾರಿಸ್ ಟ್ರಾಂಟರ್ ಕೊಲೆ ಆರೋಪದ ಮೇಲೆ ನಿಮ್ಮನ್ನ ಬಂಧಿಸ್ತಾ ಇದೀನಿ. ನೀವು ಏನೂ ಹೇಳ್ಬೇಕಾಗಿಲ್ಲ. ಹೇಳಿದ್ರೆ ಬರ್ಕೊಳ್ತೀವಿ."

"ಬರ್ಕೊಳ್ತೀರಾ?" ರೆಗ್ ಚಾಕು ಕೆಳಗಿಟ್ಟ. ಮುಖ ಅರಳಿತು. "ಪೂರ್ತಿ?"

"ಪೂರ್ತಿ."

"ಹಾಗಾದ್ರೆ ನಡೀರಿ, ಬೇಗ ಹೋಗೋಣ."

ಬಂಧನಕ್ಕೆ ಇಷ್ಟು ಆತುರಪಟ್ಟ ಆಸಾಮಿಯನ್ನು ಸ್ಪರ್ಲಿಂಗ್ ಇಪ್ಪತ್ತಾರು ವರ್ಷದ ಸೇವೆಯಲ್ಲಿ ನೋಡಿರಲಿಲ್ಲ. ಜೀಪಿನ ಬಾಗಿಲು ಹಾಕುವಾಗ ರೆಗ್ ಅದರ ಸದ್ದಿಗೆ ಮುಖ ಕಿವುಚಿದ.

ವಿಚಾರಣೆ 10.05ಕ್ಕೆ ಶುರುವಾಯಿತು. ವಕೀಲ ಬೇಡವೆಂದ. ಬ್ರೆಂಡಾ ಟೇಪು ಹಾಕಿದಳು.

"ಶನಿವಾರ ಏನಾಯ್ತು?"

"ಅದಕ್ಕೂ ಮುಂಚೆ 65ರಲ್ಲಿ ಏನಾಯ್ತು ಅಂತ ಬರ್ಕೊಳ್ಳಿ. ಮಾರ್ಚ್ ಮೂವತ್ತೊಂದಕ್ಕೆ ಎಳೆಯೋ ಹಿಡಿ ಮುಗೀತು, ಏಪ್ರಿಲ್ ಒಂದರಿಂದ ಒತ್ತುಗುಂಡಿ ಅಂತ ಅವನ ಪುಸ್ತಕ ಹೇಳುತ್ತೆ. ಸುಳ್ಳು. ಗುಂಡಿಗಳು ಬರ್ಲಿಲ್ಲ. ಕೊಡೋ ಕಂಪನೀಲಿ ಮುಷ್ಕರ. ಫೋರ್‌ಮನ್ ಬಂದು, ಡಬ್ಬದಲ್ಲಿ ಏನಿದ್ಯೋ ಅದನ್ನೇ ಹಾಕ್ರಪ್ಪ ಅಂದ. ಏಪ್ರಿಲ್ ಒಂದರಿಂದ ಹದಿಮೂರು. ಒಂಬತ್ತು ಕೆಲಸದ ದಿನ. ಇನ್ನೂರ ಹನ್ನೆರಡು ಕಾರು. ಅದರಲ್ಲಿ ಎಂಟನೇ ತಾರೀಕಿನ ಒಂದು ಕಾರು ನಂದು. ನಾನೇ ಬಾಗಿಲು ಕೂರಿಸಿದ್ದು. ಕಾರ್ಖಾನೆ ಮುಚ್ಚಿದ ಮೇಲೆ ಹುಡುಕಿ, ತುಕ್ಕಿನ ಗುಡ್ಡೆ ಆಗಿದ್ದನ್ನ ತಂದು, ಹತ್ತು ವರ್ಷ ಉಜ್ಜಿದೆ."

"ಟ್ರಾಂಟರ್‌ಗೆ ಹೇಳಿದ್ರಾ?"

"ಆರು ಕಾಗದ ಬರೆದೆ. ಉತ್ತರ ಇಲ್ಲ. ಸರಿ, ಕಾರೇ ತಗೊಂಡ್ಹೋಗಿ ತೋರಿಸ್ತೀನಿ ಅಂತ ಶನಿವಾರ ಹೋದೆ. ಮುನ್ನೂರು ಜನ ನಿಂತಿದ್ರು. ಟಾರ್ಚು ಬಿಟ್ಟು ನೋಡ್ದ. ಮೈಕಲ್ಲೇ ಹೇಳ್ದ: ಬೇರೆ ಕಾರಿನ ಬಾಗಿಲು ಕದ್ದು ಹಾಕಿದಾರೆ, ಸಂಘದ ಪಟ್ಟಿಯಿಂದ ತೆಗೀತಿದೀನಿ ಅಂತ. ಸ್ವಾಮಿ, ನಾನೇ ಹಾಕಿದ್ದು, ಈ ಕೈಲೇ, ಅಂದೆ. 'ನೀನು ಬರೀ ಕೈ ಕಣಯ್ಯ ಟಿಮ್ಮಿನ್ಸ್. ಕೈಗೆ ಏನ್ ನೆನಪಿರುತ್ತೆ?' ಅಂದ. ಜನ ನಕ್ಕರು. ನನ್ ಜೊತೆ ಬೆಂಚಲ್ಲಿ ಕೂತು ಉಂಡೋರೂ ನಕ್ಕರು."

"ಅದಕ್ಕೆ ಕೊಂದ್ರಾ?"

"ಛೇ, ಇಲ್ಲ. ನಕ್ಕಿದ್ದಕ್ಕೆಲ್ಲ ಯಾರಾದ್ರೂ ಕೊಲ್ತಾರಾ?" ರೆಗ್‌ಗೆ ನಿಜಕ್ಕೂ ಬೇಸರವಾಗಿತ್ತು. "ಮನೆಗೆ ಬಂದು ಕೂತೆ. ನನ್ ತಲೇಲಿ ಹುಳ ಬಿಟ್ಟುಬಿಟ್ಟಿದ್ದ. ಅವನೇ ಸರಿ ಇರ್ಬೋದಾ? ನಾನೇ ಇಪ್ಪತ್ತೆಂಟು ವರ್ಷ ತಪ್ಪು ನೆನಪಿಟ್ಕೊಂಡಿದೀನಾ? ಆ ಒಂಬತ್ತು ದಿನ ಇರ್ಲೇ ಇಲ್ವಾ? ರಾತ್ರಿಯಿಡೀ ನನ್ ಕೈನೇ ನೋಡ್ತಾ ಕೂತೆ. ಬೇರೆ ಯಾರದೋ ಕೈ ಹಂಗೆ ಕಾಣ್ತು. ಬೆಳಿಗ್ಗೆ ಕೇಳ್ಕೊಂಡು ಬರೋಣ ಅಂತ ಹೋದೆ. ಜಗಳಕ್ಕಲ್ಲ."

"ಎಷ್ಟು ಗಂಟೆ?"

"ಹತ್ತು ನಲವತ್ತು. ಕಾರಿನಡಿ ಇದ್ದ. ಕಾಲು ಮಾತ್ರ ಕಾಣ್ತಿತ್ತು. ಹೊರಗೂ ಬರ್ಲಿಲ್ಲ. ಸ್ವಾಮಿ, ಒಂದೇ ಮಾತು, ನಾನು ಹೇಳಿದ್ದು ತಪ್ಪಾ ಅಂದೆ. ಅಡಿಯಿಂದ್ಲೇ ಅಂದ: 'ತಪ್ಪೇನಿಲ್ಲ ಮಾರಾಯ. ಆ ಫೋರ್‌ಮನ್ ದಿನಚರಿ ನಾಲ್ಕು ವರ್ಷದಿಂದ ನನ್ ಕೆಂಪು ಪೆಟ್ಟಿಗೇಲೇ ಬಿದ್ದಿದೆ. ಒಂಬತ್ತು ದಿನಕ್ಕೋಸ್ಕರ ಪುಸ್ತಕ ತಿದ್ದೋರ್ಯಾರು? ಹೋಗು, ಬೆಳಕಿಗೆ ಅಡ್ಡ ನಿಲ್ಬೇಡ.'"

ಸ್ಪರ್ಲಿಂಗ್ 'ಕೆಂಪು ಪೆಟ್ಟಿಗೆ' ಎಂದು ಬರೆದುಕೊಂಡು ಅಡಿಗೆರೆ ಎಳೆದರು.

"ಆಮೇಲೆ?"

"ಜ್ಯಾಕಿನ ತಿರುಪು ಅರ್ಧ ಸುತ್ತು ತಿರುಗಿಸಿದೆ. ನಿಧಾನಕ್ಕೆ ಇಳೀತು."

"ಬಾಗಿಲು?"

ರೆಗ್ ಮೊದಲ ಬಾರಿಗೆ ತಲೆ ತಗ್ಗಿಸಿದ. "ಹೊರಡ್ತಿದ್ದೆ. ಕಾರು ಇಳಿಯೋವಾಗ ಬಾಗಿಲು ತಾನಾಗೇ ತೆರ್ಕೊಂಡ್ತು. ಅಷ್ಟು ಕೆಟ್ಟದಾಗಿ ಜೋತುಬಿದ್ದಿತ್ತು ಸಾರ್. ಒಬ್ಬ ಬಾಗಿಲು ಕೂರಿಸೋನು ಅದನ್ನ ಹಾಗೇ ಬಿಟ್ಟು ಹೋಗೋದಾ? ಹೆಚ್ಚಂದ್ರೆ ಹನ್ನೆರಡು ನಿಮಿಷದ ಕೆಲಸ. ಕೋಟಿನ ಜೇಬಲ್ಲಿ ಸ್ಕ್ರೂಡ್ರೈವರ್ ಯಾವಾಗ್ಲೂ ಇರುತ್ತೆ."

"ಅವನು ಇನ್ನೂ ಬದುಕಿದ್ದ," ಅಂದರು ಸ್ಪರ್ಲಿಂಗ್.

"ಹೌದು. ಏನೋ ಕೇಳ್ತಿದ್ದ. ಇರು, ಇನ್ನೊಂದೇ ಸ್ಕ್ರೂ ಅಂದೆ. ಮುಗಿಯೋ ಹೊತ್ತಿಗೆ ಸುಮ್ನಾಗಿದ್ದ."

ಬ್ರೆಂಡಾ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು.

ಹೇಳಿಕೆ ಟೈಪಾಗಿ ಬಂದಾಗ 12.30. ರೆಗ್ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಓದಿದ. ಕೊಲೆಯ ಭಾಗವನ್ನು ಸರಸರ ದಾಟಿದ. ಮೊದಲ ಪುಟದಲ್ಲಿ ಬೆರಳಿಟ್ಟ.

"ಇಲ್ಲಿ 'ಸುಮಾರು ಇನ್ನೂರು ಕಾರು' ಅಂತಿದೆ. ನಾನು ಸುಮಾರು ಅನ್ಲಿಲ್ಲ. ಇನ್ನೂರ ಹನ್ನೆರಡು. ತಿದ್ದಿ. ಇಲ್ದಿದ್ರೆ ಸಹಿ ಹಾಕಲ್ಲ."

ಜೀವಾವಧಿ ಶಿಕ್ಷೆ ತರಲಿದ್ದ ಆ ಹೇಳಿಕೆಯನ್ನು ತಿದ್ದಿ ತಂದುಕೊಟ್ಟರು. ಸಹಿ ಹಾಕಿದ.

"ಆ ದಿನಚರಿ ತರ್ಸಿ ಸಾರ್," ಅಂದ ಆಮೇಲೆ. "ಕೋರ್ಟಲ್ಲಿ ಓದ್ಬೇಕು. ಪ್ರಮಾಣ ಮಾಡಿ ಓದಿದ್ದನ್ನ ಯಾವ ಸಂಘನೂ ಇಲ್ಲ ಅನ್ನೋಕಾಗಲ್ಲ. ನನ್ನನ್ನ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಸ್ಪರ್ಲಿಂಗ್ ಎರಡು ಗಂಟೆಗೆ ಐರಿಸಳ ಮನೆಯಲ್ಲಿದ್ದರು. ಅವಳು ಗಂಡನ ಓದುಕೋಣೆಯ ನೆಲ ಒರೆಸುತ್ತಿದ್ದಳು. ಕಪಾಟಿನಲ್ಲಿ ಪುಸ್ತಕದ ಮೂರು ಮುದ್ರಣಗಳು ಸಾಲಾಗಿದ್ದವು. ಪಕ್ಕದಲ್ಲಿ ಪೆಟ್ಟಿಗೆಯಷ್ಟು ಅಗಲಕ್ಕೆ ಧೂಳಿಲ್ಲದ ಜಾಗ.

"ಕೆಂಪು ಪೆಟ್ಟಿಗೆ ಎಲ್ಲಿ ಮೇಡಂ?"

"ಸುಟ್ಟೆ. ನಿನ್ನೆ ಸಂಜೆ, ತೋಟದ ಮೂಲೇಲಿ."

"ಒಳಗೇನಿತ್ತು ಅಂತ ಗೊತ್ತಿತ್ತಾ?"

"ಅವರ ಎಲ್ಲಾ ಕಾಗದಾನೂ ಟೈಪ್ ಮಾಡ್ತಿದ್ದೋಳು ನಾನು. ಗೊತ್ತಿಲ್ದೇ ಇರುತ್ತಾ?"

"ಯಾಕ್ ಸುಟ್ರಿ?"

ಐರಿಸ್ ಒರೆಸುವ ಬಟ್ಟೆಯನ್ನು ಹಿಂಡಿದಳು. "ಮೂವತ್ತೊಂದು ವರ್ಷ ನನ್ ಪ್ರತಿಯೊಂದು ತಪ್ಪನ್ನೂ ತಿದ್ದಿದಾರೆ ಸಾರ್. ಉಪ್ಪು, ಪರದೆ, ನಾನು ನಗೋ ರೀತಿ. ಅವರು ಯಾವತ್ತೂ ತಪ್ಪಲ್ಲ ಅಂತ ನಂಬ್ಕೊಂಡೇ ಸುಮ್ನಿದ್ದೆ. ಈಗ ಅವರೂ ತಪ್ಪು ಅಂತ ಊರಿಗೆಲ್ಲ ಗೊತ್ತಾದ್ರೆ, ನಾನ್ಯಾಕೆ ಸುಮ್ನಿದ್ದೆ ಅಂತ ಯಾರಿಗೆ ಹೇಳ್ಲಿ?"

ಸ್ಪರ್ಲಿಂಗ್ ತೋಟದ ಮೂಲೆಗೆ ಹೋಗಿ ಕಡ್ಡಿಯಿಂದ ಬೂದಿ ಕೆದಕಿದರು. ಒಂದು ಬೀಗದ ಬಿಲ್ಲೆ ಸಿಕ್ಕಿತು. ಅವಳ ಮೇಲೆ ಮೊಕದ್ದಮೆ ಹೂಡಬಹುದಾ ಎಂದು ಬ್ರೆಂಡಾ ಕೇಳಿದಳು. "ಯಾವುದರ ಸಾಕ್ಷಿ ನಾಶ ಅಂತ ಹೂಡ್ತೀಯ? ನಿನ್ನೆ ನಾವು ಆ ಪೆಟ್ಟಿಗೇನ ಕೇಳೇ ಇರ್ಲಿಲ್ಲ," ಅಂದರು ಅವರು. ಠಾಣೆಗೆ ಬಂದು ರೆಗ್‌ಗೆ ವಿಷಯ ತಿಳಿಸಿದರು. ಅವನು ಕೇಳಿಸಿಕೊಂಡು, "ಪರವಾಗಿಲ್ಲ. ನಾನೇ ಹೇಳ್ತೀನಿ," ಅಂದ.

ಡಿಸೆಂಬರ್ 6ರಂದು ಮೊಕದ್ದಮೆ ವಿಚಾರಣೆಗೆ ಬಂತು. ತಪ್ಪೊಪ್ಪಿಕೊಂಡಿದ್ದರಿಂದ ಸಾಕ್ಷಿಗಳನ್ನು ಕರೆಯಲಿಲ್ಲ, ಹೇಳಿಕೆಯನ್ನು ಓದಲಿಲ್ಲ. ಸರ್ಕಾರಿ ವಕೀಲರು ಕೊಲೆಯ ಕಾರಣವನ್ನು 'ಹವ್ಯಾಸಕ್ಕೆ ಸಂಬಂಧಿಸಿದ ಮನಸ್ತಾಪ' ಎಂದು ಮೂರು ಪದಗಳಲ್ಲಿ ಮುಗಿಸಿದರು. ಒಟ್ಟು ಇಪ್ಪತ್ತೆರಡು ನಿಮಿಷ. ಸಂಘದ ಪರವಾಗಿ ಡಾಕ್ಟರ್ ಫ್ರೈಯರ್ ಬಂದಿದ್ದ. ಟ್ರಾಂಟರ್ ಸ್ಮರಣಾರ್ಥ ನಾಲ್ಕನೇ ಮುದ್ರಣವನ್ನು ಒಂದಕ್ಷರವೂ ಬದಲಿಸದೆ ತರುತ್ತಿರುವುದಾಗಿ ಸ್ಪರ್ಲಿಂಗರ ಕಿವಿಯಲ್ಲಿ ಹೇಳಿದ.

ಶಿಕ್ಷೆಗೆ ಮುಂಚೆ ನ್ಯಾಯಾಧೀಶರು, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ರೆಗ್ ಇದಕ್ಕೇ ಕಾದಿದ್ದ. ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ.

"1965ನೇ ಇಸವಿ, ಏಪ್ರಿಲ್ ಒಂದು, ಗುರುವಾರ. ಬೆಳಿಗ್ಗೆ ಒತ್ತುಗುಂಡಿ ಬರ್ಲಿಲ್ಲ. ಇಪ್ಪತ್ತಮೂರು ಕಾರು..."

"ಇದು ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ, ಮಿಸ್ಟರ್ ಟಿಮ್ಮಿನ್ಸ್."

"ಇದೇ ಪ್ರಕರಣ ಸ್ವಾಮಿ. ಏಪ್ರಿಲ್ ಎರಡು, ಶುಕ್ರವಾರ. ಇಪ್ಪತ್ತನಾಲ್ಕು..."

ನ್ಯಾಯಾಧೀಶರು ಗಡಿಯಾರ ನೋಡಿ ಜೀವಾವಧಿ ಎಂದರು. ಕರೆದೊಯ್ಯಿರಿ ಎಂದರು. ಕೋರ್ಟಿನ ಬೆರಳಚ್ಚುಗಾರ್ತಿ ಯಂತ್ರಕ್ಕೆ ಮುಸುಕು ಹಾಕಿದಳು. ಇಬ್ಬರು ಪೇದೆಗಳು ತೋಳು ಹಿಡಿದು ಅವನನ್ನು ನೆಲಮಾಳಿಗೆಯ ಮೆಟ್ಟಿಲಿಗೆ ತಿರುಗಿಸಿದರು. ಅವನು ಒಂದಿಷ್ಟೂ ಕೊಸರಾಡಲಿಲ್ಲ. ಐದು, ಸೋಮವಾರ. ಆರು, ಮಂಗಳವಾರ. ಲೆಕ್ಕ ಒಪ್ಪಿಸುತ್ತಲೇ ಒಂದೊಂದು ಮೆಟ್ಟಿಲು ಇಳಿದ. ಮೇಲೆ ಮುಂದಿನ ಮೊಕದ್ದಮೆಯ ಹೆಸರು ಕೂಗಿದರು.

ಸ್ಪರ್ಲಿಂಗ್ ಸಾಕ್ಷಿಗಳ ಬೆಂಚಿನಲ್ಲಿ ಕೂತು ಕಿವಿಗೊಟ್ಟರು. ಎಂಟನೇ ತಾರೀಕು, ರೆಗ್‌ನ ಕಾರಿನ ದಿನದವರೆಗೆ ಕೇಳಿಸಿತು.